ಆರನೆಯ ಮಣಿ

ಜಗಲಿಯ ಕೆಳಗಿರುವ ಆ ಚಪ್ಪಲಿಗಳನ್ನು ಇವತ್ತೊಂದು ದಿನವಾದರೂ ನೋಡಬಾರದು ಅಂದುಕೊಂಡೇ ಮಹದೇವಸ್ವಾಮಿ ಬೆಳಿಗ್ಗೆ ಬಾಗಿಲು ತೆಗೆದ. ತೆಗೆದವನು ಮೊದಲು ನೋಡಿದ್ದು ಅವನ್ನೇ. ಕಣ್ಣಿಗೆ ಬೇಡ ಅಂದರೆ ಎಲ್ಲಿ ಕೇಳುತ್ತದೆ. ಅವು ಅವನ ಅಕ್ಕ ಬೀರಮ್ಮನ ಚಪ್ಪಲಿಗಳು. ಎರಡು ವರ್ಷದ ಹಿಂದೆ ಅವನ ಮಗ ಮಾದೇಶನನ್ನು ಮಣ್ಣು ಮಾಡಿದ ದಿನ ಇಲ್ಲಿ ಬಿಚ್ಚಿಟ್ಟವಳು ಮತ್ತೆ ಮೆಟ್ಟಲಿಲ್ಲ. ಮಗು ಕಾಯಿಲೆ ಬಿದ್ದಾಗ ಅವಳು ಮಾದೇಶ್ವರನಿಗೆ ಹರಸಿಕೊಂಡಿದ್ದಳು, ಬೆಟ್ಟಕ್ಕೆ ನಡೆದುಕೊಂಡೇ ಬಂದು ಕೂಸಿನ ಮುಡಿ ಕೊಡಿಸುತ್ತೇನೆ ಅಂತ. ಆಮೇಲೆ ಮಂಡಿನೋವು ಜಾಸ್ತಿಯಾಗಿ ವ್ಯಾನಿನಲ್ಲಿ ಹೋಗಿಬಂದಳು. ವ್ಯಾನು ಮಾಡಿಸಿದವನು ಇವನೇ. ಆ ತಪ್ಪಿಗೇ ದೇವರು ಕೂಸನ್ನು ಎತ್ತಿಕೊಂಡ ಅಂತ ಅವಳ ತೀರ್ಮಾನ. ಅದಕ್ಕೇ ಬಿಸಿಲಲ್ಲಿ, ಕಲ್ಲಲ್ಲಿ, ಆಲೂಗಡ್ಡೆ ಹೊಲದ ಹೆಂಟೆಯಲ್ಲಿ ಬರಿಗಾಲು. ಅವಳ ಹಿಮ್ಮಡಿ ಬಿರಿದು ರಕ್ತ ಒಸರುವುದನ್ನು ಮಹದೇವಸ್ವಾಮಿ ಎಷ್ಟು ಸಲ ನೋಡಿದ್ದಾನೆ. ನೋಡಿದಾಗೆಲ್ಲ, ‘ಮೆಟ್ಕೊ ಅಕ್ಕ, ಸಾಕು’ ಅಂದಿದ್ದಾನೆ. ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಹೇಳಿದ್ದರೆ ಅವಳು ಅವತ್ತೇ ಮೆಟ್ಟುತ್ತಿದ್ದಳು. ಆ ಒಂದು ಮಾತನ್ನು ಮಾತ್ರ ಅವನು ಹೇಳಿಲ್ಲ.

“ಅಪ್ಪ.” ಅಂಗಳಕ್ಕೆ ನೀರು ಹಾಕಿ ರಂಗೋಲಿ ಡಬ್ಬಿ ಹಿಡಿದು ಕೂತಿದ್ದ ಮಗಳು ಲತಾ ತಲೆಯೆತ್ತದೆ ಕರೆದಳು. “ಸಾಯಂಕಾಲ ಅಜ್ಜಿ ತಾಂಬೂಲ ತಕಂಡು ಬತ್ತದಂತ. ಮಣಿಮಾವ ಫೋನ್ ಮಾಡಿತ್ತು.”

“ಗೊತ್ತು ಕಣವ್ವ.”

“ನೀವು ಏನ್ ಯೋಳ್ತೀರಿ?”

ಮಣಿಮಾವ ಅಂದರೆ ಮಣಿಕಂಠ, ಅಕ್ಕನ ಮಗ. ಅಕ್ಕನ ಮಗಳು ನಾಗಮಣಿಯೇ ಮಹದೇವಸ್ವಾಮಿಯ ಹೆಂಡತಿ. ಅಕ್ಕನ ಮಗಳು ತಮ್ಮನಿಗೆ ಅನ್ನುವುದು ಈ ಕಡೆ ಕೇಳಿ ಒಪ್ಪಿಸುವ ಮಾತಲ್ಲ, ತೊಟ್ಟಿಲಲ್ಲೇ ಮುಗಿದುಹೋದ ಮಾತು. ಈಗ ನಾಗಮಣಿಯ ಮಗಳು ನಾಗಮಣಿಯ ತಮ್ಮನಿಗೆ. ಒಂದು ತಲೆಮಾರು ಕೆಳಗೆ, ಅದೇ ಹಾದಿ, ಅದೇ ತಾಂಬೂಲ, ಅದೇ ಅಕ್ಕ.

“ನಿಂಗ ಇಷ್ಟ ಅದಾ?” ಅಂತ ಕೇಳಿದ. ಕೇಳಬಾರದಿತ್ತು.

ಲತಾ ಒಂದು ಚುಕ್ಕಿ ಇಟ್ಟಳು, ಪಕ್ಕದಲ್ಲಿ ಇನ್ನೊಂದಿಟ್ಟಳು. “ಇಷ್ಟ ಇಲ್ದೆ ಏನಪ್ಪ. ಮಾವನ್ನ ಬುಟ್ಟು ನಾನು ಬೇರೆ ಯಾರ್ನೂ ನೆನಸ್ಕಂಡೇ ಇಲ್ಲ. ಆದ್ರ ಆ ಪುಟನೂ ಓದಿವ್ನಿ. ನಮ್ಮ ಕ್ಲಾಸಲ್ಲಿ ನೀವು ಪಾಠ ಮಾಡ್ದೆ ಬುಟ್ಬುಟ್ರಲ್ಲ, ಆ ಪುಟ.” ಅವಳು ಎರಡು ಚುಕ್ಕಿಗಳ ನಡುವೆ ಗೆರೆ ಎಳೆದಳು. “ಯೋಳೋದಿದ್ರ ಇವತ್ತೇ ಯೋಳ್ಬುಡಿ. ನೀವು ಸುಮ್ನಿದ್ರ ನಾನು ಊಂ ಅಂದ್ಬುಡ್ತೀನಿ. ಅಜ್ಜಿ ಮೊಕ ನೋಡ್ಕಂಡು ಇಲ್ಲ ಅನ್ನಕ ನನ್ ಕೈಲಾಗಲ್ಲ.”

ದೊಡ್ಡಗಾಜನೂರು ದಾಟಿ ತಾಳವಾಡಿಯ ಸ್ಕೂಲಿನ ಕಡೆಗೆ ಮೊಪೆಡ್ ಓಡಿಸುವಾಗ ಎರಡೂ ಕಡೆ ಚೆಂಡುಹೂವಿನ ಹೊಲ ಕಣ್ಣು ಕೋರೈಸುತ್ತಿತ್ತು. ಆನೆ ತುಳಿದು ಹೋದ ಬಾಳೆತೋಟದ ಮುಂದೆ ಯಾರೋ ನಿಂತು ಬೈಯುತ್ತಿದ್ದರು. ಆನೆಯನ್ನು ಬೈಯಬಹುದು, ಫಾರೆಸ್ಟಿನವರನ್ನು ಬೈಯಬಹುದು. ಲತಾ ಪ್ಲಸ್ ಟೂನಲ್ಲಿ ಅವನ ಕ್ಲಾಸಿನಲ್ಲೇ ಕೂತಿದ್ದ ವರ್ಷ ರಕ್ತದ ಕಾಯಿಲೆಯ ಆ ಪುಟ ಬಂದಾಗ, ‘ಇದು ಸುಲಭ, ನೀವೇ ಓದ್ಕೊಳ್ಳಿ’ ಅಂದುಬಿಟ್ಟು ಮುಂದಿನ ಪಾಠಕ್ಕೆ ಹಾರಿದ್ದ. ಮೂರನೇ ಬೆಂಚಿನಿಂದ ಅವಳು ತಲೆಯೆತ್ತಿ ನೋಡಿದ್ದಳು. ಆಗ ಮಾದೇಶ ಇದ್ದ. ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದ, ಚಳಿ ತಾಕಿದರೆ ಸಾಕು ಕೈಕಾಲು ಹಿಡಿದುಕೊಂಡು ಅರಚುತ್ತಿದ್ದ. ಅಪ್ಪ, ಮೂಳೆ ಒಳಗ ಯಾರೋ ಕುಯ್ತಾವ್ರ ಅನ್ನುತ್ತಿದ್ದ. ಆ ಕಾಯಿಲೆಯ ಹೆಸರನ್ನೇ ಕೇಳದ ಮಗು ಅದನ್ನು ಸರಿಯಾಗಿಯೇ ಹೇಳಿತ್ತು: ರಕ್ತದ ಕಣ ದುಂಡಗಿರಬೇಕಾದ್ದು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ರಕ್ತವನ್ನು ಮುಂದಕ್ಕೆ ಬಿಡದೆ ನಿಲ್ಲುತ್ತದೆ. ಕೋಯಮತ್ತೂರಿನ ಡಾಕ್ಟರು ತಮಿಳಿನಲ್ಲಿ ಮೆಲ್ಲಗೆ ಬಿಡಿಸಿ ಹೇಳಿ, ನಿಮ್ಮಿಬ್ಬರಲ್ಲೂ ಅರ್ಧರ್ಧ ಇದೆ, ಮಗನಿಗೆ ಎರಡೂ ಸೇರಿ ಪೂರ್ತಿಯಾಗಿದೆ, ಮಗಳಿಗೆ ಅರ್ಧ ಬಂದಿದೆ ಅಂದರು. ಆಮೇಲೆ ಕೇಳಿದರು: ನೀವಿಬ್ಬರೂ ಸೊಂದವಾ? ನೆಂಟರಾ? ಮಹದೇವಸ್ವಾಮಿ ಹೌದು ಅಂದ. ಏನು ಕೆಲಸ ಮಾಡ್ತೀರಿ ಅಂತಲೂ ಕೇಳಿದರು. ಜೀವಶಾಸ್ತ್ರದ ಮೇಷ್ಟ್ರು ಅನ್ನಲಾರದೆ, ‘ವ್ಯವಸಾಯ’ ಅಂದುಬಿಟ್ಟ. ಥೂ, ಅಂಥ ಹೊತ್ತಿನಲ್ಲೂ ಮನುಷ್ಯನಿಗೆ ಮಾನದ್ದೇ ಚಿಂತೆ.

ವಾಪಸು ಬರುವಾಗ ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ಬಸ್ಸು ಟೀ ಅಂಗಡಿಗಳ ಮುಂದೆ ನಿಂತಿತು. ಮಂಜು ಬಂದಿತ್ತು. ಮಾದೇಶ ತಾಯಿಯ ಸೆರಗಿನೊಳಗೆ ಮಲಗಿದ್ದ. ಅಲ್ಲೇ, ಟೀ ಲೋಟ ಹಿಡಿದುಕೊಂಡು, ಅವನು ನಾಗಮಣಿಗೆ ಎಲ್ಲ ಹೇಳಿದ. ಅವಳು ಅಳಲಿಲ್ಲ. ಲೋಟದ ಅಂಚನ್ನೇ ನೋಡಿಕೊಂಡು, “ಮಾವ, ಇದ್ನ ಅವ್ವಂಗ ಯೋಳ್ಬ್ಯಾಡಿ. ಅವ್ವ ಸತ್ತೋಯ್ತದ” ಅಂದಳು. ಅವನಿಗೆ ಆಗ ಆದದ್ದು ಸಮಾಧಾನ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಕಳ್ಳನಿಗೊಂದು ಪಿಳ್ಳೆ ನೆವ ಅಂದಹಾಗೆ, ಹೆಂಡತಿಯೇ ಬೇಡ ಅಂದಳಲ್ಲ ಅಂತ ಆ ಒಂದು ಮಾತಿನ ಮರೆಯಲ್ಲಿ ಇಷ್ಟು ದಿನ ಕೂತ. ಅಕ್ಕನಿಗೆ ಹೇಗೆ ಹೇಳುವುದು? ಅವ್ವ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ತನ್ನ ಮಗಳಿಗೆ ಉಣಿಸುವಾಗಲೂ ಮೊದಲ ತುತ್ತು ಇವನ ಬಾಯಿಗೆ ಇಟ್ಟವಳು ಅವಳು. ಇವನು ಬಿ.ಎಸ್ಸಿ ಓದಲಿ ಅಂತ ತನ್ನ ಎಮ್ಮೆ ಮಾರಿದವಳು. ಆ ಬಿ.ಎಸ್ಸಿಯಲ್ಲಿ ಅವನು ಓದಿದ್ದೇ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಏನಾಗಬಹುದು ಅಂತ. ಅಕ್ಕ ನಾಗಮಣಿಯ ಕೈ ಹಿಡಿದು ತಂದು, ‘ನಿನ್ನ ಬೇರೆಯವರ ಮನಗ ಕೊಟ್ಬುಟ್ಟು ನಾನೆಂಗ್ಲಾ ಇರನ?’ ಅಂದ ದಿನ ಅವನು ಬಾಯಿ ತೆರೆದಿದ್ದ ಕೂಡ. ಅವಳು ನಗುತ್ತಾ ಅದಕ್ಕೆ ಒಂದು ಚೂರು ಬೆಲ್ಲ ಹಾಕಿದಳು. ಬೆಲ್ಲದ ಬಾಯಲ್ಲಿ ವಿಜ್ಞಾನ ಹೇಗೆ ಬರುತ್ತದೆ.

ಸ್ಟಾಫ್‌ರೂಮಿಗೆ ಕಾಲಿಡುತ್ತಲೇ ಚರಿತ್ರೆಯ ಮೇಷ್ಟ್ರು ಸೋಮಶೇಖರ್, “ಏನ್ ಸ್ವಾಮಿ ಸಾರ್, ಸಾಯಂಕಾಲ ಶಾಸ್ತ್ರವಂತೆ? ಒಳ್ಳೇದಾಯ್ತು ಬುಡಿ. ಮನೆ ಹೆಣ್ಣು ಮನೆಗೇ. ಅತ್ತೆ ಕಾಟ ಇಲ್ಲ, ಅಜ್ಜೀನೇ ಅತ್ತೆ!” ಅಂತ ಗಹಗಹಿಸಿ ನಕ್ಕರು. ಎಲ್ಲರೂ ನಕ್ಕರು. ಮಹದೇವಸ್ವಾಮಿಯೂ ನಕ್ಕ. ನಕ್ಕು, “ಹೂಂ ಸಾರ್, ಹುಡುಕೋ ತಾಪತ್ರಯ ತಪ್ತು” ಅಂತ ತಾನೇ ಒಂದು ಮಾತು ಸೇರಿಸಿದ. ಸೇರಿಸಿದ ಮೇಲೆ ಬಾಯೆಲ್ಲ ಕಹಿಯಾಯಿತು. ಬೀರು ತೆಗೆದು, ಪಾಠಕ್ಕೆಂದು ಹಿಂದೆ ಪೋಣಿಸಿಟ್ಟಿದ್ದ ಮಣಿಸರವನ್ನು ಕೈಗೆತ್ತಿಕೊಂಡ. ಇವತ್ತಿನ ಪಾಠ ಅದೇ ಪುಟ. ಇವತ್ತು ಬಿಡುವುದಿಲ್ಲ ಅಂತ ರಾತ್ರಿಯೇ ಅಂದುಕೊಂಡಿದ್ದ. ಸಾಯಂಕಾಲ ಹೇಳಬೇಕಾದ್ದನ್ನು ಹಗಲು ಮಕ್ಕಳ ಮುಂದೆ ಹೇಳಿ ಬಾಯಿಗೆ ಅಭ್ಯಾಸ ಮಾಡಿಸುವ ಯೋಚನೆ ಇತ್ತೇನೋ.

ಪುಸ್ತಕ ತಮಿಳಿನಲ್ಲಿ, ಪಾಠ ಕನ್ನಡದಲ್ಲಿ. ಅದು ಅವನಿಗೆ ರೂಢಿ. ಪ್ರೋಟೀನು ಅಂದರೆ ಬೇಳೆ ಮೊಟ್ಟೆ ಮಾತ್ರ ಅಲ್ಲ ಅಂತ ಶುರುಮಾಡಿದ. ಕೂದಲು, ಉಗುರು, ನೀವು ಈಗ ನನ್ನನ್ನು ನೋಡ್ತಿರೋ ಕಣ್ಣು, ತಿಂದದ್ದನ್ನು ಅರಗಿಸೋ ರಸ, ಎಲ್ಲದರಲ್ಲೂ ಅದರ ಕೆಲಸವೇ. ಮಣಿಸರ ಎತ್ತಿ ತೋರಿಸಿದ. ಒಂದೊಂದು ಮಣಿ ಒಂದೊಂದು ಅಮೈನೋ ಆಮ್ಲ. ಬರೀ ಸರವಾಗಿ ನೇತಾಡುತ್ತಿದ್ದರೆ ಉಪಯೋಗವಿಲ್ಲ. ಅದು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡು, ಮಡಚಿಕೊಂಡು ಒಂದು ಆಕಾರಕ್ಕೆ ಬರಬೇಕು. ಆಕಾರ ಸರಿಯಿದ್ದರೆ ಕೆಲಸ ಸರಿ. ನೀರು ಇಷ್ಟಪಡುವ ಮಣಿ ಹೊರಗಡೆ, ನೀರಿಗೆ ಹೆದರುವ ಮಣಿ ಒಳಗಡೆ. ಯಾವ ಮಣಿಯ ಪಕ್ಕ ಯಾವುದು ಅಂತ ಬರೆದಿರುವುದು ಡಿಎನ್‌ಎಯಲ್ಲಿ. ನಾಲ್ಕೇ ಅಕ್ಷರ, ಮೂರಕ್ಷರಕ್ಕೊಂದು ಮಾತು, ಒಂದು ಮಾತಿಗೆ ಒಂದು ಮಣಿ. ಜಮೀನಿನ ಪಟ್ಟಾ ಪೆಟ್ಟಿಗೆಯಲ್ಲೇ ಇರುತ್ತೆ, ಆಫೀಸಿಗೆ ಕೊಡೋದು ಜೆರಾಕ್ಸು, ಅಲ್ವಾ? ಹಾಗೆ ಡಿಎನ್‌ಎ ಒಳಗೇ ಇರುತ್ತೆ, ಅದರ ನಕಲು ಆರ್‌ಎನ್‌ಎ ಹೊರಗೆ ಬರುತ್ತೆ, ಅದನ್ನು ಓದಿಕೊಂಡು ಮಣಿ ಪೋಣಿಸ್ತಾರೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಅವನು ಬೋರ್ಡಿನ ಮೇಲೆ ಜಿ ಎ ಜಿ ಅಂತ ಬರೆದು, ನಡುವಿನ ಎ ಅಳಿಸಿ ಟಿ ಮಾಡಿದ. ಇಷ್ಟೇ, ಒಂದಕ್ಷರ. ಸರದಲ್ಲಿ ಆರನೆಯ ಮಣಿ, ನೀರು ಇಷ್ಟಪಡುವ ಗ್ಲುಟಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ನೀರಿಗೆ ಹೆದರುವ ವ್ಯಾಲೈನ್ ಬಂದು ಕೂರುತ್ತೆ. ರಕ್ತದ ಕೆಂಪು ಪ್ರೋಟೀನು ಹೀಮೋಗ್ಲೋಬಿನ್ನು ಉಸಿರಿನ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುತ್ತೆ. ಹಂಚಿ ಕೈ ಖಾಲಿಯಾದಾಗ ಆ ಹೆದರುಪುಕ್ಕಲು ಮಣಿ ಪಕ್ಕದವನನ್ನು ಹೋಗಿ ಅಂಟಿಕೊಳ್ಳುತ್ತೆ. ಅವನು ಇನ್ನೊಬ್ಬನನ್ನು. ಎಲ್ಲ ಸೇರಿ ಕಂಬಿಯಾಗಿ…

ಆರನೆಯ ಮಣಿ ಬೆರಳಿಗೆ ಸಿಕ್ಕಿತು. ಅದೊಂದು ಕೆಂಪು. ಈ ಸರ ಪೋಣಿಸಿದ್ದು ಸತ್ಯಮಂಗಲದ ಆಸ್ಪತ್ರೆಯ ಮಂಚದ ಮೇಲೆ. ಎಡಗೈಗೆ ರಕ್ತದ ಬಾಟಲಿ ಚುಚ್ಚಿದ್ದರು, ಮಾದೇಶ ಬಲಗೈ ಒಂದರಲ್ಲೇ ಮಣಿಗಳನ್ನು ಎತ್ತಿ ಎತ್ತಿ ಕೊಡುತ್ತಿದ್ದ. ‘ಇದು ನನ್ನೊಳಗೂ ಅದಾ ಅಪ್ಪ?’ ಅಂತ ಕೇಳಿದ. ಅದ ಕಣಪ್ಪ ಅಂದ ಇವನು. ‘ಅಂಗಾರ ಕೆಂಪುದ್ನ ಎಲ್ಲಾರ ಒಂದ್ ಕಡ ಆಕು, ಚೆಂದಾಗಿರ್ತದ’ ಅಂತ ಹೇಳಿ ಅವನೇ ಆರಿಸಿ ಕೊಟ್ಟ.

“ಸಾರ್.” ಮುಂದಿನ ಬೆಂಚಿನ ಪ್ರಮೀಳಾ ಎದ್ದು ನಿಂತಿದ್ದಳು. “ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರಲ್ಲ ಸಾರ್. ನೂಲಲ್ಲೇ ತಪ್ಪಿದ್ರೆ ತಾಯಿಗೆ ಗೊತ್ತಾಗಲ್ವಾ?”

“ಗೊತ್ತಾಗಲ್ಲಮ್ಮ. ಅರ್ಧ ಇದ್ದರೆ ಏನೂ ಗೊತ್ತಾಗಲ್ಲ. ಆರೋಗ್ಯವಾಗಿ ಗಟ್ಟಿಮುಟ್ಟಾಗಿ ಇರ್ತಾರೆ. ಅಷ್ಟೇ ಅಲ್ಲ, ಹಿಂದೆ ಕಾಡುಜ್ವರ, ಮಲೇರಿಯಾ ಬಂದಾಗ ಆ ಅರ್ಧವೇ ಅವರನ್ನು ಕಾಪಾಡಿರುತ್ತೆ.”

“ಹಂಗಾದ್ರೆ ತಪ್ಪು ಯಾರ್ದು ಸಾರ್?”

ಬೀಡಾಡಿ ದನವೊಂದು ಕಿಟಕಿಯಾಚೆ ಗೋಡೆಗೆ ಮೈ ತಿಕ್ಕುತ್ತಿತ್ತು. “ಯಾರ್ದೂ ಅಲ್ಲಮ್ಮ” ಅಂದ ಮಹದೇವಸ್ವಾಮಿ. ಯಾರದೂ ಅಲ್ಲ ಅನ್ನುವುದು ಪಾಠಕ್ಕೆ ಸರಿ. ಗೊತ್ತಿದ್ದೂ ಸುಮ್ಮನಿದ್ದವನದು ಅಂತ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಪರೀಕ್ಷೆಗೂ ಬರುವುದಿಲ್ಲ.

ಸಾಯಂಕಾಲ ಬೀರಮ್ಮ ಕೆರೆಯಾಚೆಯ ತನ್ನ ಊರಿನಿಂದ ನಡೆದೇ ಬಂದಳು. ಮಗ ಗೂಡ್ಸ್ ಆಟೋದಲ್ಲಿ ಬಿಡ್ತೀನಿ ಅಂದರೂ ಹತ್ತಿರಲಿಲ್ಲ. ಬಂದವಳು ಕಾಲಿಗೆ ನೀರು ಹಾಕಿಕೊಳ್ಳುವಾಗ ಹಿಮ್ಮಡಿಯ ಬಿರುಕಿಗೆ ನೀರು ತಾಗಿ ಒಂದು ಚಣ ಮುಖ ಕಿವುಚಿದಳು. ಕೂಡಲೇ ನಗು ತಂದುಕೊಂಡಳು. “ನೆಂಟ್ರು ಇಷ್ಟ್ರು ಅಂತ ಸುಮ್ನ ಯಾಕ್ಲಾ ಜನ ಕೂಡ್ಸದು? ನಮ್ಮಟ್ಟಿಗ ನಾನೇ ಬಂದಿವ್ನಿ. ತಮ್ಮನ ಮನಗ ಅಕ್ಕ ಬರಕ ಮೂರ್ತ ಯಾಕ?” ಅಂತ ಚಾಪೆಯ ಮೇಲೆ ಕೂತು ಸೆರಗಿನ ಗಂಟು ಬಿಚ್ಚಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು ತಟ್ಟೆಯಲ್ಲಿಟ್ಟಳು. ಕಾಫಿ ತಂದ ಲತಾಳ ಕೆನ್ನೆ ಸವರಿದಳು. “ನೋಡ್ಲಾ ಸ್ವಾಮಿ, ಈ ಕೆನ್ನ ನಮ್ಮವ್ವಂದೇ. ಅವ್ವನೇ ಬಂದು ಉಟ್ಟವಳ. ನನ್ ಕಣ್ಮುಂದ ನಮ್ಮವ್ವ ನನ್ನಟ್ಟಿಗೇ ಸೊಸ ಆಗಿ ಬತ್ತಾವಳ, ಇನ್ನೇನ್ಲಾ ಬೇಕು ನಂಗ?”

ಲತಾ ಅಪ್ಪನನ್ನು ನೋಡಿದಳು. ನಾಗಮಣಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮಹದೇವಸ್ವಾಮಿ ಕಾಫಿ ಲೋಟ ಕೆಳಗಿಟ್ಟ. ಈ ಸಲ ಬಾಯಿಗೆ ಬೆಲ್ಲ ಹಾಕುವ ಮೊದಲೇ ಅನ್ನಬೇಕು.

“ಅಕ್ಕ, ಕೂಸು ತೀರ್ಕಂಡದ್ದು ನೀನು ವ್ಯಾನಲ್ಲಿ ಬೆಟ್ಟಕ್ಕೋಗಿದ್ದಕ್ಕಲ್ಲ.”

“ಈಗ್ಯಾಕ್ಲಾ ಆ ಮಾತು? ಒಳ್ಳೆ ವತ್ನಲ್ಲಿ.”

“ಇವತ್ತೇ ಯೋಳ್ಬೇಕು ಅಕ್ಕ. ಅದು ನೆತ್ತರಲ್ಲಿ ಬಂದದ್ದು. ಒಂದ್ ಕಡೆಯಿಂದ ಬಂದ್ರ ಏನೂ ಆಗಲ್ಲ. ಅವ್ವ ಅಪ್ಪ ಎರಡೂ ಕಡೆಯಿಂದ ಬಂದ್ರ ಕೂಸು ನೋಯ್ತದ. ನಂಗೂ ಅರ್ಧ ಅದ, ನಾಗಮಣಿಗೂ ಅರ್ಧ ಅದ. ನಾವಿಬ್ರೂ ಒಂದೇ ಬೇರು ಅಲ್ವಾ. ಅದಕ್ಕ ಮಾದೇಸಂಗ ಪೂರ್ತಿ ಆಯ್ತು. ಈಗ ಲತಾಗೂ ಅರ್ಧ ಅದ. ಮಣಿಗೂ ಇದ್ರ…”

ಬೀರಮ್ಮ ಓದಿದವಳಲ್ಲ. ಆದರೆ ಯಾವ ಹಸುವಿಗೆ ಯಾವ ಕರು, ಯಾವ ಬಿತ್ತನೆಯಿಂದ ಯಾವ ಪೈರು ಅಂತ ಜೀವಮಾನವೆಲ್ಲ ನೋಡಿಕೊಂಡು ಬಂದವಳು. ಸ್ವಲ್ಪ ಹೊತ್ತು ಅಡಿಕೆ ಚೂರನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು. “ನಿಂಗೂ ಅದ. ನನ್ ಮಗಳ್ಗೂ ಅದ.” ಅಡಿಕೆ ಚೂರನ್ನು ತಟ್ಟೆಗೆ ಹಾಕಿದಳು. “ಅಂದ್ರ ನನ್ನಿಂದ್ಲೇ ಬಂತು ಅನ್ನು.”

“ನಿನ್ ತಪ್ಪಲ್ಲ ಅಕ್ಕ. ಅವ್ವಂದೋ ಅಪ್ಪಂದೋ, ಅವ್ರಿಗೆ ಅವ್ರ ತಾತಂದೋ. ನಮ್ ಕಡೆ ಕಾಡುಜ್ವರ ಬಂದು ಊರಿಗೂರೇ ಖಾಲಿಯಾದಾಗ ನಮ್ಮೋರು ಉಳ್ಕಂಡದ್ದು ಇದರಿಂದ್ಲೇ ಇರ್ಬೋದು. ಕಾಪಾಡಿದ್ದೂ ಅದೇ ಕಣಕ್ಕ.”

“ಕಾಪಾಡ್ತಾ?” ಅಂದಳು ಬೀರಮ್ಮ, ಕೋಪವಿಲ್ಲದ ದನಿಯಲ್ಲಿ. “ಯಾವತ್ತು ಗೊತ್ತಾಯ್ತು ನಿಂಗ?”

“ಕೂಸು ಇದ್ದಾಗ್ಲೇ.”

ಅವಳು ತನ್ನ ಪಾದಗಳನ್ನು ನೋಡಿಕೊಂಡಳು. ಬೇರೆ ಯಾರದೋ ಪಾದ ನೋಡುವವಳಂತೆ, ಒಂದನ್ನು ಮುಂದಕ್ಕೆ ಚಾಚಿ, ಬಿರುಕಿನ ಮೇಲೆ ಬೆರಳಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ನಾಗಮಣಿ ಓಡಿಬಂದು ಅವಳ ಮೊಣಕಾಲ ಹತ್ತಿರ ಕುಸಿದಳು. “ನಾನೇ ಬ್ಯಾಡ ಅಂದಿದ್ದು ಅವ್ವ. ಮಾವಂದೇನೂ ಇಲ್ಲ. ನೀನು ತಡಕಳಲ್ಲ ಅಂತ…” ಬೀರಮ್ಮ ಮಗಳ ತಲೆಯ ಮೇಲೆ ಕೈಯಿಟ್ಟಳು. ತಮ್ಮನ ಕಡೆ ತಿರುಗಿದಳು.

“ದೇವ್ರ ತಪ್ಪಾಗಿದ್ರ ತೀರುಸ್ಬೋದಿತ್ತು ಕಣ್ಲಾ ಸ್ವಾಮಿ. ಬರಿಗಾಲಲ್ಲಿ ನಡ್ದು, ಉರುಳಾಡಿ, ಅತ್ತು ಕರ್ದು. ಮಾದಪ್ಪ ಒಂದಲ್ಲ ಒಂದಿನ, ಸಾಕು ಏಳು ಬೀರಿ ಅಂತಿದ್ದ. ಅದ್ನೇ ಕಾಯ್ತಿದ್ದೆ. ನೆತ್ತರ ತಪ್ಪ ನಾನು ಎಲ್ಲಿಗೋಗಿ ತೀರುಸ್ಲಿ? ಯಾವ ಬೆಟ್ಟ ಅತ್ಲಿ?”

ಮಹದೇವಸ್ವಾಮಿಯ ತಲೆಯಲ್ಲಿ ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದ ಮಾತು ಒಂದು ಉಳಿದಿತ್ತು, ಅದನ್ನು ಹೇಳಿದ: “ಮಣಿಗೊಂದ್ಸಲ ರಕ್ತ ನೋಡ್ಸಾಣ ಅಕ್ಕ. ಅವನ್ಗ ಇಲ್ದಿದ್ರ ಏನೂ ಬಯ ಇಲ್ಲ. ಸಂತೋಸವಾಗಿ ಕೊಡ್ತೀನಿ.”

“ಇದ್ರ?”

ಮಹದೇವಸ್ವಾಮಿ ತಟ್ಟೆಯಲ್ಲಿದ್ದ ವೀಳ್ಯದೆಲೆಯ ಕಡೆ ನೋಡಿದ.

“ನೋಡ್ಸಾಣ ಬುಡು” ಅಂದಳು ಅವಳೇ. “ಮಾದೇಸನ್ನ ಎತ್ಕಂಡು ಆಸ್ಪತ್ರೆಗ ಆ ದಿಂಬಂ ಗಾಟಿ ಇಳ್ದವನು ಮಣಿ. ಅವನ್ಗ ನೀನೇ ಯೋಳು. ನನ್ ಬಾಯಲ್ಲಿ ಬರಲ್ಲ.” ತಟ್ಟೆಯ ವೀಳ್ಯದೆಲೆಗಳನ್ನು ಒಂದೊಂದಾಗಿ ಜೋಡಿಸಿ ಸೆರಗಿಗೆ ಕಟ್ಟಿಕೊಂಡಳು. ಬಾಳೆಹಣ್ಣು ಮಾತ್ರ ಬಿಟ್ಟಳು, ಮನೆಗೆ ತಂದ ಹಣ್ಣನ್ನು ವಾಪಸು ಒಯ್ಯಬಾರದು ಅಂತ. ಎದ್ದು ನಿಂತು ಲತಾಳ ಕಡೆ ಕೈ ಚಾಚಿದಳು, ಯಾವತ್ತೂ ಹೊರಡುವಾಗ ಕೆನ್ನೆ ಸವರಿ ಲಟಿಕೆ ಮುರಿಯುವ ಹಾಗೆ. ಕೈ ಕೆನ್ನೆಯವರೆಗೆ ಹೋಗಿ ನಿಂತಿತು. ಆ ಕೆನ್ನೆ ತನ್ನ ಅವ್ವನದು ಅಂತ ಈಗಷ್ಟೇ ಹಿಗ್ಗಿದ್ದವಳು. ಲತಾಳೇ ಆ ಕೈಯನ್ನು ಹಿಡಿದು ಮುಖಕ್ಕೆ ಒತ್ತಿಕೊಂಡು ಬಿಕ್ಕಿದಳು. “ಅಳ್ಬ್ಯಾಡ ಕಣವ್ವ, ನೀನೇನ್ ಮಾಡ್ದೆ” ಅಂತ ಬೀರಮ್ಮ ಅವಳ ಕಣ್ಣೊರೆಸಿ, ತನ್ನ ಕೈ ಮೆತ್ತಗೆ ಬಿಡಿಸಿಕೊಂಡಳು.

ಮಹದೇವಸ್ವಾಮಿ ಅಕ್ಕನ ಹಿಂದೆ ಜಗಲಿಗೆ ಬಂದ. ಮೊಪೆಡ್‌ನಲ್ಲಿ ಬಿಟ್ಟು ಬರುತ್ತೇನೆ ಅಂದ. ಅವಳಿಗೆ ಕೇಳಿಸಲಿಲ್ಲವೋ ಏನೋ. ಮೆಟ್ಟಿಲಿಳಿದು, ಬಗ್ಗಿ, ಜಗಲಿಯ ಕೆಳಗೆ ಕೈ ಹಾಕಿ ಚಪ್ಪಲಿಗಳನ್ನು ಹೊರಕ್ಕೆ ಎಳೆದಳು. ಜೇಡರ ಬಲೆ ಕಿತ್ತು ಬಂತು. ಒಂದಕ್ಕೊಂದು ಬಡಿದು ದೂಳು ಕೊಡವಿದಳು. ಎರಡು ವರ್ಷದಲ್ಲಿ ಚರ್ಮ ಬಿರುಸಾಗಿತ್ತು, ಪಾದ ಅಗಲವಾಗಿತ್ತು. ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ಒಂದು ಕಾಲು ತೂರಿಸಿದಳು, ಆಮೇಲೆ ಇನ್ನೊಂದನ್ನು. ಮೆಟ್ಕೊ ಅಕ್ಕ, ಸಾಕು ಅಂತ ಎಷ್ಟು ಸಲ ಅಂದಿದ್ದ ಅವನು. ಈಗ ಅವಳು ಲತಾಳ ರಂಗೋಲಿಯ ಪಕ್ಕ ಜರುಗಿ, ಅಂಗಳ ದಾಟಿ, ಬೀದಿಗಿಳಿದಳು. ಚಪ್ಪಲಿಯ ಸದ್ದು ಚಟ್ ಚಟ್ ಅಂತ ಕೆರೆಯ ಕಡೆ ಹೋಗುತ್ತಿತ್ತು. ಬಿಚ್ಚಾಕು ಅಕ್ಕ, ನಾನು ಯೋಳಿದ್ದೆಲ್ಲ ಸುಳ್ಳು, ಬರಿಗಾಲಲ್ಲೇ ನಡಿ ಅಂತ ಕೂಗಿಬಿಡಬೇಕೆನಿಸಿತು ಅವನಿಗೆ. ಬಾಯಿ ತೆರೆದ. ಅವಳು ತಿರುಗಿ ನೋಡಲಿಲ್ಲ.